ಕಾಗದದ ಆ ಮಗ್ಗುಲು

ನಮ್ಮ ಮನೆಯಲ್ಲಿ ಒಬ್ಬ ಮನುಷ್ಯ ಮೂವತ್ತೆರಡು ವರ್ಷದಿಂದ ಹಗ್ಗ ಹಿಡಿದು ನೇತಾಡುತ್ತಿದ್ದಾನೆ. ಕೆಳಗೆ ಹೊಳೆ, ಹೊಳೆಯಲ್ಲಿ ಬಾಯಿ ತೆರೆದ ಎರಡು ಮೊಸಳೆ. ಮೇಲೆ ಒಬ್ಬ ಕೇಡಿ ಚಾಕು ಹಿಡಿದು ಹಗ್ಗ ಕುಯ್ಯುತ್ತಿದ್ದಾನೆ. ಮೂರು ಎಳೆಯಲ್ಲಿ ಎರಡು ಆಗಲೇ ಹರಿದಿವೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಮುಂದಿನ ಭಾನುವಾರ ನೋಡಿ’ ಅಂತಿದೆ.

ಆ ಮುಂದಿನ ಭಾನುವಾರದ ಹಾಳೆ ನಮ್ಮ ಹತ್ತಿರ ಇಲ್ಲ. ಅದರ ಮುಂದಿನದ್ದು ಇದೆ. ಅದರಲ್ಲಿ ಆಸಾಮಿ ಆರಾಮಾಗಿ ಕುದುರೆ ಮೇಲೆ ಹೋಗುತ್ತಿದ್ದಾನೆ. ಕ್ರಾಪು ಕೂಡ ಕೆದರಿಲ್ಲ.

ನಡುವೆ ಏನಾಯಿತು? ಅದು ಗೊತ್ತಾಗದೆ ಇರುವುದಕ್ಕೆ ನಾನೇ ಕಾರಣ ಅಂತ ಅಕ್ಕ ಮೂವತ್ತೆರಡು ವರ್ಷದಿಂದ ಹೇಳುತ್ತಾ ಬಂದಿದ್ದಾಳೆ. ಸಾಕ್ಷಿ ಇರಲಿಲ್ಲವಾದ್ದರಿಂದ ನಾನು ಒಪ್ಪಿರಲಿಲ್ಲ.

ಪೇಪರಿನ ಕಾಮಿಕ್ಸ್ ಸಂಗ್ರಹಿಸುವವರಿಗೆಲ್ಲ ಒಂದು ಸಂಕಟ ಗೊತ್ತಿರುತ್ತದೆ. ಹಾಳೆಗೆ ಎರಡು ಮಗ್ಗುಲು. ಈ ಮಗ್ಗುಲಲ್ಲಿ ಒಂದು ಕಾಮಿಕ್, ಆ ಮಗ್ಗುಲಲ್ಲಿ ಇನ್ನೊಂದು. ಒಂದನ್ನು ಕತ್ತರಿಸಿದರೆ ಇನ್ನೊಂದರ ನಾಯಕನ ಕತ್ತು ಹೋಗುತ್ತದೆ. ಚಿಕ್ಕವರಿದ್ದಾಗ ನನಗೆ ತಮಾಷೆಯ ಬೆಕ್ಕಿನ ಸ್ಟ್ರಿಪ್, ಅಂದರೆ ಸಾಲು ಚೌಕಗಳ ಚಿತ್ರಕತೆ, ಬೇಕಿತ್ತು. ಅಕ್ಕನಿಗೆ ಅದರ ಬೆನ್ನಿಗಿದ್ದ ಸಾಹಸದ ಕತೆ. ಜಗಳ ಜೋರಾಗಿ ಅಪ್ಪ ರಾಜಿ ಮಾಡಿಸಿದರು. ಒಂದು ಭಾನುವಾರ ನನ್ನದು, ಒಂದು ಅವಳದು. ಬೆಕ್ಕಿನ ಕತೆಗೇನು, ಯಾವ ವಾರ ಓದಿದರೂ ನಡೆಯುತ್ತದೆ. ಮುಂದುವರಿಯುವ ಕತೆಯಲ್ಲಿ ವಾರ ಬಿಟ್ಟು ವಾರ ಸಿಕ್ಕರೆ ಏನು ಪ್ರಯೋಜನ? ಆದ್ದರಿಂದ ನನ್ನ ವಾರದಲ್ಲಿ ಅಕ್ಕ ತನ್ನ ಗೆಳತಿಯ ಮನೆಯ ಪೇಪರ್ ಕೇಳಿ ತರುತ್ತಿದ್ದಳು. ಮೊಸಳೆಯ ಮುಂದಿನ ಭಾನುವಾರ ಅವಳ ಸರದಿ. ಹಾಗಾಗಿ ಗೆಳತಿಯ ಮನೆಗೆ ಹೋಗಲಿಲ್ಲ. ಸ್ನಾನಕ್ಕೆ ಹೋದಳು. ಬರುವಷ್ಟರಲ್ಲಿ ಹಾಳೆಯಲ್ಲಿ ಕಿಟಕಿಯಂಥ ದೊಡ್ಡ ತೂತು.

ಬೆಕ್ಕಿನ ಚಿತ್ರ ಕತ್ತರಿಸಿದ್ದು ನಾನಲ್ಲ, ಇಲಿ ಅಂದೆ. ಇಲಿ ಇಷ್ಟು ನೇರವಾಗಿ ಕತ್ತರಿಸುತ್ತಾ ಅಂತ ಕೇಳಿದಳು.

ದೊಡ್ಡವನಾದ ಮೇಲೆ ಅಕ್ಕ ತನ್ನ ಕಟ್ಟನ್ನೆಲ್ಲ ನನಗೇ ಕೊಟ್ಟಳು. ‘ತಗೋ, ನೀನೇ ಅನುಭವಿಸು’ ಅಂದಳು. ಅಲ್ಲಿಂದ ನನ್ನ ಹುಚ್ಚು ಹೆಚ್ಚಾಯಿತು. 1929ರ ಜನವರಿ 7ರಂದು ಟಾರ್ಜಾನ್ ಮತ್ತು ಬಕ್ ರೋಜರ್ಸ್ ಅನ್ನುವ ಸಾಹಸದ ಸ್ಟ್ರಿಪ್‌ಗಳು ಎರಡೂ ಒಂದೇ ದಿನ ಅಮೆರಿಕದ ಪೇಪರುಗಳಲ್ಲಿ ಶುರುವಾದವು. ಹತ್ತು ದಿನ ಕಳೆದು, ಆಗಲೇ ಹತ್ತು ವರ್ಷ ಹಳೆಯದಾಗಿದ್ದ ಬೇರೊಂದು ಸ್ಟ್ರಿಪ್‌ನಲ್ಲಿ ಹಡಗು ನಡೆಸಲು ಕೂಲಿಗೆ ಬಂದ ಒಬ್ಬ ಒಕ್ಕಣ್ಣನ ಹೆಸರು ಪಾಪಾಯ್. ಕೂಲಿಗೆ ಬಂದವನು ಆ ಸ್ಟ್ರಿಪ್‌ಗೇ ಯಜಮಾನನಾಗಿ ಕೂತ. ಇಂಥದ್ದೆಲ್ಲ ನನಗೆ ಬಾಯಿಪಾಠ. ಮದುವೆಯ ದಿನ ಯಾವುದು ಅಂತ ಥಟ್ಟನೆ ಕೇಳಿದರೆ ಮಾತ್ರ ಸ್ವಲ್ಪ ತಡೆದು ಹೇಳುತ್ತೇನೆ.

ಹಳೆ ಪೇಪರಿನ ಸ್ವಭಾವವೇ ವಿಚಿತ್ರ. ಅದನ್ನು ಮಾಡುವುದು ಮರದ ತಿರುಳು ಅರೆದು. ಮರದಲ್ಲಿ ಲಿಗ್ನಿನ್ ಅಂತ ಒಂದು ವಸ್ತು ಇರುತ್ತದೆ. ಬೆಳಕು ಗಾಳಿ ತಾಗಿದರೆ ಅದು ಹಳದಿಗೆ ತಿರುಗುತ್ತದೆ. ಜೊತೆಗೆ ಕಾಗದದೊಳಗಿನ ಹುಳಿ ಅಂಶ ನಾರನ್ನು ತಿನ್ನುತ್ತಾ ಹೋಗಿ ಹಾಳೆ ಹಪ್ಪಳವಾಗುತ್ತದೆ. ಒಂದೇ ದಿನ ಬಾಳಲಿ ಅಂತ ಮಾಡಿದ ಕಾಗದವನ್ನು ನೂರು ವರ್ಷ ಬಾಳು ಅಂತ ಕೂರಿಸಿಕೊಂಡರೆ ಅದಾದರೂ ಏನು ಮಾಡೀತು? 1895ರಲ್ಲಿ ನ್ಯೂಯಾರ್ಕಿನ ಪೇಪರಿನಲ್ಲಿ ಔಟ್‌ಕಾಲ್ಟ್ ಅನ್ನುವ ಕಲಾವಿದ ಬರೆದ ಬೋಳುತಲೆಯ ಹುಡುಗನೊಬ್ಬ ಬಂದ. ಹಳದಿ ನಿಲುವಂಗಿ, ಅವನ ಮಾತೆಲ್ಲ ಆ ಅಂಗಿಯ ಮೇಲೇ. ಅವನಿಗೆ ಯೆಲ್ಲೋ ಕಿಡ್ ಅಂತಲೇ ಹೆಸರಾಯಿತು. ನನ್ನ ಸಂಗ್ರಹದಲ್ಲಿ ಈಗ ಎಲ್ಲರೂ ಯೆಲ್ಲೋ ಕಿಡ್‌ಗಳೇ. ಬಿಳಿ ಕುದುರೆಯೂ ಹಳದಿ, ಹಿಮವೂ ಹಳದಿ.

ಆದರೆ ಕಾಗದಕ್ಕಿಂತ ಜಾಸ್ತಿ ಹಾನಿ ಮಾಡಿದವನು ನಾನು. ಹರಿದ ಕಡೆಗೆಲ್ಲ ಪ್ರೀತಿಯಿಂದ ಸೆಲೋಟೇಪ್ ಹಚ್ಚಿದೆ. ಹತ್ತು ವರ್ಷ ಕಳೆದು ತೆಗೆದು ನೋಡಿದರೆ ಪ್ಲಾಸ್ಟಿಕ್ ಎಲ್ಲ ಉದುರಿಹೋಗಿತ್ತು. ಅಂಟು ಮಾತ್ರ ಒಳಗಿಳಿದು ಜೇನಿನ ಬಣ್ಣದ ಪಟ್ಟಿಯಾಗಿ ಕೂತಿತ್ತು. ಅದು ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಮಡಿಕೆ ಬಿದ್ದ ಹಾಳೆಯೊಂದಕ್ಕೆ ಇಸ್ತ್ರಿ ಹಾಕಿದೆ. ಹದವಾದ ಬಿಸಿ, ಮೇಲೆ ಬಟ್ಟೆ, ಎಲ್ಲ ಸರಿಯಾಗಿಯೇ ಮಾಡಿದೆ. ಅಷ್ಟರಲ್ಲಿ ಫೋನ್ ಬಂತು. ಯಾವುದೋ ಸಾಲ ಬೇಕಾ ಅಂತ ಕೇಳುವ ಫೋನು. ಬೇಡ ಅಂತ ಹೇಳಿ ಬರುವುದರೊಳಗೆ ಇಸ್ತ್ರಿಪೆಟ್ಟಿಗೆಯ ತ್ರಿಕೋನ ಆಕಾಶದಲ್ಲಿ ಮೂಡಿತ್ತು. ಕತೆ ಬಾಹ್ಯಾಕಾಶದ್ದಾದ್ದರಿಂದ ನೋಡಿದವರು ಅದನ್ನು ರಾಕೆಟ್ ಅಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ಹೆಂಡತಿಗೆ ಈ ಕಟ್ಟುಗಳನ್ನು ಕಂಡರಾಗದು. ಅವಳನ್ನು ಒಪ್ಪಿಸಲು ಒಮ್ಮೆ ಬಿಲ್ ಬ್ಲ್ಯಾಕ್‌ಬಿಯರ್ಡ್ ಕತೆ ಹೇಳಿದೆ. ಅಮೆರಿಕದ ಲೈಬ್ರರಿಗಳು ಹಳೆ ಪೇಪರುಗಳ ಮೈಕ್ರೋಫಿಲ್ಮ್, ಅಂದರೆ ಫಿಲ್ಮಿನ ಮೇಲೆ ಪುಟಗಳ ಪುಟ್ಟ ಫೋಟೋ, ತೆಗೆದಿಟ್ಟುಕೊಂಡು ಅಸಲಿ ಪ್ರತಿಗಳನ್ನು ಎಸೆಯುತ್ತಿದ್ದ ಕಾಲ ಅದು. ಮೈಕ್ರೋಫಿಲ್ಮ್ ಕಪ್ಪು ಬಿಳುಪು. ಬಣ್ಣಬಣ್ಣದ ಭಾನುವಾರದ ಕಾಮಿಕ್ಸ್ ಗತಿ? ಈ ಪುಣ್ಯಾತ್ಮ ಹೋಗಿ ನನಗೆ ಕೊಡಿ ಅಂದ. ಖಾಸಗಿಯವರಿಗೆ ಕೊಡಲ್ಲ ಅಂದರು. ಸರಿ ಅಂತ 1968ರಲ್ಲಿ ಒಂದು ಸಂಸ್ಥೆಯನ್ನೇ ಹುಟ್ಟುಹಾಕಿದ. ಸ್ಯಾನ್ ಫ್ರಾನ್ಸಿಸ್ಕೋದ ತನ್ನ ಮನೆಗೇ ಅಕಾಡೆಮಿ ಅಂತ ಹೆಸರಿಟ್ಟು ಪೇಪರ್ ತುಂಬಿಸಿದ. 1998ರಲ್ಲಿ ಅದೆಲ್ಲ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಯಿತು. 75 ಟನ್. ಸಾಗಿಸಲು ಆರು ದೊಡ್ಡ ಲಾರಿ ಬೇಕಾದವು.

ಕತೆ ಮುಗಿಸಿ ಹೆಮ್ಮೆಯಿಂದ ಅವಳ ಮುಖ ನೋಡಿದೆ.

‘ರೀ, ಆ ಲಾರಿಯವರು ನಮ್ಮನೆಗೂ ಬರ್ತಾರಾ?’

ಪೇಪರ್ ಆಯಿತು. ಇದರ ಮುಂದಿನ ಮೆಟ್ಟಿಲು ಅಸಲಿ ಚಿತ್ರ. ಅಂದರೆ ಕಲಾವಿದ ತನ್ನ ಕೈಯಾರೆ ಬರೆದದ್ದು. ಈ ಮೆಟ್ಟಿಲಲ್ಲಿ ನಾನು ಮೊದಲ ಹೆಜ್ಜೆಗೇ ಜಾರಿದೆ. ಅಸಲಿ ಅಂತ ತಂದದ್ದನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾಸಿವೆ ಚೆಲ್ಲಿದ ಹಾಗೆ ಸಾಲುಸಾಲು ಚುಕ್ಕಿ. ಹೀಗೆ ಚುಕ್ಕಿ ಕಂಡರೆ ಅದು ಹೆಚ್ಚಾಗಿ ಅಚ್ಚು. ಮೂರು ವಾರ ಹಾಲ್‌ನ ಗೋಡೆಗೆ ನೇತುಹಾಕಿ ಬಂದವರಿಗೆಲ್ಲ ‘ಆ ಗೆರೆಯ ಓಟ ನೋಡಿ’ ಅಂತ ತೋರಿಸಿದ್ದೆ. ಅವರೆಲ್ಲ ಹೌದೌದು ಅಂದಿದ್ದರು.

ಎರಡನೆಯದು ನಿಜವಾದ ಅಸಲಿ. ಹೆಸರುವಾಸಿ ಕಲಾವಿದನದೇನಲ್ಲ, ನನ್ನ ಕೈಗೆ ಎಟುಕುವಂಥದ್ದು. ಅಚ್ಚಾದದ್ದಕ್ಕಿಂತ ಎಷ್ಟೋ ದೊಡ್ಡದು. ಮನೆಮಂದಿಯನ್ನೆಲ್ಲ ಸೇರಿಸಿ ಬಿಚ್ಚಿದೆ.

‘ಬಣ್ಣ ಎಲ್ಲೋ?’ ಅಂದರು ಅಮ್ಮ.

ಬಣ್ಣ ಇರುವುದಿಲ್ಲ. ಕಲಾವಿದ ಬ್ರಿಸ್ಟಲ್ ಬೋರ್ಡ್ ಅನ್ನುವ ದಪ್ಪ ಕಾಗದದ ಮೇಲೆ ಕಪ್ಪು ಇಂಡಿಯನ್ ಇಂಕಿನಲ್ಲಿ ಬರೆಯುತ್ತಾನೆ. ಎಲ್ಲೆಲ್ಲಿ ಯಾವ ಬಣ್ಣ ಅಂತ ಬೇರೆಯಾಗಿ ಗುರುತು ಮಾಡಿ ಕೊಡುತ್ತಾನೆ. ಮಿಕ್ಕಿದ್ದು ಅಚ್ಚಿನವರ ಕೆಲಸ. ಇದನ್ನೆಲ್ಲ ವಿವರವಾಗಿ ಹೇಳಿದೆ. ಅಮ್ಮ ಕೇಳಿಸಿಕೊಂಡು, ‘ಅಂದ್ರೆ ಅರ್ಧ ಕೆಲಸ ಆಗಿರೋದನ್ನ ತಂದಿದ್ದೀಯ’ ಅಂದರು.

ಅಮ್ಮನನ್ನು ನಾನು ದೂರುವುದಿಲ್ಲ. ಆ ಹಾಳೆ ನೋಡಲು ನಿಜಕ್ಕೂ ಕೊಳಕಾಗಿತ್ತು. ಎಲ್ಲ ಕಡೆ ತಿಳಿನೀಲಿ ಪೆನ್ಸಿಲಿನ ಗೀಚು. ಈ ನೀಲಿ ಅಚ್ಚಿನ ಕ್ಯಾಮೆರಾ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕಲಾವಿದರು ಮೊದಲು ಅದರಲ್ಲಿ ಗೀಚಿ, ಮೇಲೆ ಇಂಕು ಎಳೆದು, ನೀಲಿಯನ್ನು ಹಾಗೇ ಬಿಟ್ಟುಬಿಡುತ್ತಿದ್ದರು. ತಪ್ಪಾದ ಕಡೆಗೆಲ್ಲ ಬಿಳಿ ಬಣ್ಣ ಬಳಿದು ಮುಚ್ಚುತ್ತಿದ್ದರು. ಮಾತು ಬದಲಾದರೆ ಹೊಸ ಚೀಟಿ ಬರೆದು, ಪಾತ್ರದ ಮಾತು ಬರೆಯುವ ಗುಳ್ಳೆಯೊಳಗೆ ಅಂಟಿಸುತ್ತಿದ್ದರು. ಪೇಪರಿನಲ್ಲಿ ಇದು ಯಾವುದೂ ಕಾಣುವುದಿಲ್ಲ. ಅಸಲಿಯಲ್ಲಿ ಎಲ್ಲ ಕಾಣುತ್ತದೆ. ಸಂಗ್ರಹಕಾರರು ಬಾಯಿ ಬಿಡುವುದು ಇದಕ್ಕೇ.

ಈ ವಿವರಣೆಯನ್ನು ನಾನು ಅಮ್ಮನಿಗೆ ಕೊಡಲಿಲ್ಲ. ಬಣ್ಣದ ವಿಷಯದಲ್ಲೇ ಸುಸ್ತಾಗಿದ್ದೆ.

ಮರುದಿನ ಸಂಜೆ ಮನೆಗೆ ಬಂದಾಗ ಅಮ್ಮನ ಮುಖದಲ್ಲಿ ಏನೋ ಒಳ್ಳೆಯ ಕೆಲಸ ಮಾಡಿದ ಕಳೆ. ‘ಯಾವುದೋ ಮಗು ಅದರ ಮೇಲೆಲ್ಲ ಗೀಚಿಬಿಟ್ಟಿತ್ತು ಕಣೋ. ಕಣ್ಣಿಗೆ ಬಟ್ಟೆ ಕಟ್ಟಿ ಯಾರೋ ನಿನಗೆ ಮಾರಿದ್ದಾರೆ. ಮಧ್ಯಾಹ್ನವೆಲ್ಲ ಕೂತು ಕ್ಲೀನ್ ಮಾಡಿದೆ. ನೋಡು ಈಗ.’

ನೋಡಿದೆ. ನೀಲಿಯನ್ನು ಮೊಮ್ಮಗಳ ರಬ್ಬರಿನಿಂದ ಅಳಿಸಿದ್ದರು. ಬಿಳಿಯ ಕಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದರು. ಇಂಡಿಯನ್ ಇಂಕು ಒಮ್ಮೆ ಒಣಗಿದರೆ ನೀರಿಗೆ ಬಗ್ಗುವುದಿಲ್ಲ. ಬಿಳಿ ಬಣ್ಣ ಬಗ್ಗುತ್ತದೆ. ಹಾಗಾಗಿ ಕಲಾವಿದ ಮುಚ್ಚಿಟ್ಟದ್ದೆಲ್ಲ ಗುಡಿಸಿಟ್ಟ ಹಾಗೆ ಹೊರಗೆ ಬಂದಿತ್ತು. ಮೊದಲ ಚೌಕದ ಮನುಷ್ಯ ಎಡಗೈ ಮೇಲೆತ್ತಿದ್ದನಂತೆ. ಕಲಾವಿದ ಮನಸ್ಸು ಬದಲಿಸಿ ಆ ಕೈ ಮುಚ್ಚಿ, ಸೊಂಟದ ಮೇಲೆ ಇನ್ನೊಂದು ಕೈ ಬರೆದಿದ್ದ. ಈಗ ಎರಡೂ ಇವೆ.

‘ಅಪ್ಪ, ಈ ಅಂಕಲ್‌ಗೆ ಮೂರು ಕೈ!’ ಅಂದಳು ಮಗಳು. ಅವಳಿಗೆ ಆ ಚಿತ್ರ ಮೊದಲ ಸಲ ಇಷ್ಟವಾಯಿತು.

ಕೊನೆಯ ಚೌಕದ ಚೀಟಿ ಒದ್ದೆ ಬಟ್ಟೆಗೆ ಅಂಟಿಕೊಂಡು ಹೋಗಿತ್ತು. ಅಲ್ಲಿ ಗಂಡ ಹೆಂಡತಿಗೆ ಏನೋ ಚುರುಕು ಜವಾಬು ಕೊಡಬೇಕಿತ್ತು. ಈಗ ಅವನು ಬಾಯಿ ತೆರೆದುಕೊಂಡು ಖಾಲಿ ಗುಳ್ಳೆಯ ಕೆಳಗೆ ನಿಂತಿದ್ದಾನೆ. ಇದು ಮೊದಲಿಗಿಂತ ನಿಜವಾಗಿದೆ ಅಂತ ನನ್ನ ಹೆಂಡತಿಯ ಅಭಿಪ್ರಾಯ.

ಗುಟ್ಟಾಗಿ ಹೇಳುತ್ತೇನೆ, ಈಗ ನನಗೂ ಅದು ಹಾಗೇ ಇಷ್ಟ. ಆ ಮೂರನೇ ಕೈ ನೋಡಿದಾಗಲೆಲ್ಲ, ರಾತ್ರಿ ಹೊತ್ತು ದೀಪದ ಕೆಳಗೆ ಕೂತು ‘ಛೆ, ಕೈ ಸರಿಯಾಗಲಿಲ್ಲ’ ಅಂತ ತಲೆ ಕೆರೆದುಕೊಳ್ಳುವ ಒಬ್ಬ ಮನುಷ್ಯ ಕಾಣುತ್ತಾನೆ. ಬೆಳಗಾದರೆ ಚಿತ್ರ ಕಳಿಸಬೇಕು. ನಾಳೆ ಇನ್ನೊಂದು. ನಾಡಿದ್ದು ಮತ್ತೊಂದು. ಪೀನಟ್ಸ್‌ನ ಚಾರ್ಲ್ಸ್ ಶುಲ್ಜ್ 1950ರಿಂದ 2000ದವರೆಗೆ ಹೀಗೆ 17,897 ಸ್ಟ್ರಿಪ್ ಬರೆದರು. ಬರೆಯಲು ಸಹಾಯಕರನ್ನು ಇಟ್ಟುಕೊಳ್ಳಲಿಲ್ಲ. ಕೊನೆಯ ಭಾನುವಾರದ ಸ್ಟ್ರಿಪ್ ಪೇಪರಿನಲ್ಲಿ ಬಂದದ್ದು 2000ದ ಫೆಬ್ರವರಿ 13ರಂದು. ಹಿಂದಿನ ರಾತ್ರಿ ಅವರು ತೀರಿಕೊಂಡಿದ್ದರು. ನಾನು ವಾರಕ್ಕೊಮ್ಮೆ ಬಟ್ಟೆ ಮಡಿಚಿಡುವ ಕೆಲಸ ಒಪ್ಪಿಕೊಂಡು ಎರಡನೇ ವಾರಕ್ಕೇ ಕೈಬಿಟ್ಟವನು.

ಇರಲಿ, ಹಗ್ಗದ ಮನುಷ್ಯನ ಕತೆಗೆ ಬರೋಣ.

ಹೋದ ತಿಂಗಳು ಅಟ್ಟದ ಮೇಲಿಂದ ನನ್ನ ಹಳೆಯ ನೋಟ್‌ಬುಕ್ ಸಿಕ್ಕಿತು. ಬೆಕ್ಕಿನ ಸ್ಟ್ರಿಪ್ ಅಂಟಿಸಿದ್ದ ಪುಸ್ತಕ. ಆಗ ಹಿಟ್ಟು ಕುದಿಸಿದ ಅಂಟು ಬಳಸುತ್ತಿದ್ದೆ. ಹಾಳೆಯ ನಡುವಿಗೆ ಒಂದು ದೊಡ್ಡ ಮುದ್ದೆ, ಮೇಲೆ ಗುದ್ದು. ಸುಮ್ನೆ ಪುಟ ತಿರುಗಿಸುತ್ತಾ ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಬೆಕ್ಕಿನ ಹೊಟ್ಟೆಯೊಳಗೆ ಏನೋ ಗೆರೆ. ಕಣ್ಣು ಕಿರಿದು ಮಾಡಿ ನೋಡಿದೆ. ಹಗ್ಗ.

ಎದೆ ಧಸಕ್ಕೆಂದಿತು. ಬೆಕ್ಕಿನ ಬಾಲದ ಹತ್ತಿರ ಮೊಸಳೆಯ ಮೂತಿಯೂ ಇತ್ತು. ಇಲಿಯ ಮೇಲೆ ಹಾಕಿದ್ದ ಆಪಾದನೆ ಅಲ್ಲಿಗೆ ಬಿತ್ತು.

ಯಾರಿಗೂ ಹೇಳಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನೀರು ಕಾಯಿಸಿ, ಹಬೆಗೆ ಪುಟ ಹಿಡಿದು, ಚಾಕುವಿನ ಬೆನ್ನಿನಿಂದ ಒಂದೊಂದೇ ಕೂದಲೆಳೆಯಷ್ಟು ಬಿಡಿಸುತ್ತಾ ಹೋದೆ. ಒಂದು ಗಂಟೆ ಹಿಡಿಯಿತು. ಕಾಗದ ಬಂತು. ಆದರೆ ಆ ಮಗ್ಗುಲಿನ ಮಸಿ ಅದರ ಜೊತೆ ಬರಲಿಲ್ಲ. ಕಾಗದದ ತೆಳುಪದರದ ಸಮೇತ ನೋಟ್‌ಬುಕ್ಕಿಗೇ ಅಂಟಿಕೊಂಡು, ತಿರುಗುಮುರುಗಾಗಿ ಕೂತಿತ್ತು. ಬಚ್ಚಲಿನ ಕನ್ನಡಿ ಮುಂದೆ ಹೋಗಿ ಪುಸ್ತಕ ಎತ್ತಿ ಹಿಡಿದೆ.

ಒಟ್ಟು ನಾಲ್ಕು ಚೌಕ. ಮೊದಲನೆಯದು ಹಿಂದಿನ ವಾರದ್ದೇ, ಮರೆತವರಿಗೆ ನೆನಪು ಮಾಡಲು. ಎರಡನೆಯದರಲ್ಲಿ ಮೂರನೇ ಎಳೆಯೂ ಹರಿಯುತ್ತದೆ. ಅವನ ಬೂಟು ಮೊಸಳೆಯ ಹಲ್ಲಿಗೆ ಇನ್ನೇನು ತಾಗಬೇಕು. ನಾಲ್ಕನೆಯದರಲ್ಲಿ ದಡದ ಮೇಲೆ ನಿಂತು ಬಟ್ಟೆ ಕೊಡವಿಕೊಳ್ಳುತ್ತಾ, ‘ಇಷ್ಟು ಸುಲಭ ಅಂತ ನಾನೂ ಅಂದುಕೊಂಡಿರಲಿಲ್ಲ!’ ಅನ್ನುತ್ತಾನೆ.

ಮೂರನೆಯ ಚೌಕ ಸರಿಯಾಗಿ ಅಂಟಿನ ಮುದ್ದೆ ಬಿದ್ದ ಜಾಗ. ಹಿಟ್ಟಿನ ಅಂಟು ಅಂದರೆ ಕಾಗದದ ಹುಳಗಳಿಗೆ ಪಂಚಪ್ರಾಣ. ಮೂವತ್ತೆರಡು ವರ್ಷ ಕೂತು ಅಂಟಿನ ಜೊತೆ ಚೌಕವನ್ನೂ ಅಂಚಿನವರೆಗೆ ತಿಂದು ಮುಗಿಸಿದ್ದವು.

‘ಏನ್ರೀ ಇದು, ಅರ್ಧರಾತ್ರೀಲಿ ಬಚ್ಚಲಲ್ಲಿ ಪುಸ್ತಕ?’ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಮರುದಿನ ಅಕ್ಕನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಇಲಿ ಅಲ್ಲ, ನಾನೇ ಅಂದೆ. ಕನ್ನಡಿಯ ಕತೆಯನ್ನೂ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

‘ಹೋಗಲಿ ಬಿಡೋ’ ಅಂದಳು ಕೊನೆಗೆ. ‘ಆ ಬೆಕ್ಕಿನ ಜೋಕಾದರೂ ಚೆನ್ನಾಗಿತ್ತಾ?’

ನೋಡಿ ಹೇಳ್ತೀನಿ ಅಂತ ಫೋನ್ ಇಟ್ಟೆ. ನೋಡಿದೆ. ಮೊದಲ ಚೌಕದಲ್ಲಿ ಬೆಕ್ಕು ಮಲಗಿದೆ. ಎರಡನೆಯದರಲ್ಲೂ ಮಲಗಿದೆ. ಮೂರನೆಯದು ತೂತು. ನಾಲ್ಕನೆಯದರಲ್ಲಿ ಮಗ್ಗುಲು ಬದಲಿಸಿ ಮಲಗಿದೆ.

ಅಕ್ಕನಿಗೆ ಇನ್ನೂ ಹೇಳಿಲ್ಲ.