ತಾನಾಗಿಯೇ ಸತ್ತಿತಂತೆ

ನಿನ್ನೆ ರಾತ್ರಿ ಒಂದು ಚರ್ಚೆಯ ವಿಡಿಯೋ ನೋಡಿದೆ. ಮಾತಾಡಿದವರು ಚೆನ್ನಾಗಿ ಓದಿಕೊಂಡವರೇ. "ಭಾಷೆಗಳು ಹುಟ್ಟುತ್ತವೆ, ಸಾಯುತ್ತವೆ. ಅದೆಲ್ಲ ತಾನಾಗಿಯೇ ಆಗುವಂಥದ್ದು, ಅದಕ್ಯಾಕೆ ಇಷ್ಟು ಗೋಳಾಟ?" ಅಂದರು. ಎದುರಿಗಿದ್ದವರು ತಲೆಯಾಡಿಸಿದರು. ನನಗೆ ಆಮೇಲೆ ನಿದ್ದೆಯೇ ಬರಲಿಲ್ಲ. ತಾನಾಗಿಯೇ! ಆ ಪದ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಬ್ರಿಟನ್ನಿನ ವೇಲ್ಸ್‌ನಲ್ಲಿ 19ನೇ ಶತಮಾನದ ಎಷ್ಟೋ ಶಾಲೆಗಳಲ್ಲಿ ಒಂದು ಮರದ ತುಂಡು ಇರುತ್ತಿತ್ತು. ವೆಲ್ಷ್ ನಾಟ್ ಅಂತ ಅದರ ಹೆಸರು. ಅಲ್ಲಿಯ ಮನೆ ಮಾತಾದ ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅದನ್ನು ಕಟ್ಟುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಆಡಿದರೆ ತುಂಡು ಅದರ ಕೊರಳಿಗೆ ಹೋಗುತ್ತಿತ್ತು. ಶಾಲೆ ಬಿಡುವಾಗ ಯಾರ ಹತ್ತಿರ ಇರುತ್ತೋ ಅವರಿಗೆ ಏಟು. ಏಟು ತಪ್ಪಬೇಕಾದರೆ ಮಗು ಏನು ಮಾಡಬೇಕು ಹೇಳಿ? ಗೆಳೆಯನ ಬಾಯಿಂದ ಮನೆ ಮಾತು ಯಾವಾಗ ಜಾರುತ್ತೆ ಅಂತ ಕಾಯಬೇಕು.

ಫ್ರಾನ್ಸ್‌ನ ಬ್ರಿಟನಿಯಲ್ಲಿ ತಮ್ಮ ಬ್ರೆಟನ್ ಭಾಷೆ ಆಡಿದ ಮಕ್ಕಳಿಗೂ ಇಂಥದ್ದೇ ಶಿಕ್ಷೆ. ಕೆಲವು ಕಡೆ ಹಳೆಯ ಮರದ ಪಾದರಕ್ಷೆಯನ್ನೇ ನೇತುಹಾಕುತ್ತಿದ್ದರು. 1879ರಲ್ಲಿ ಜಪಾನ್ ತನ್ನದಾಗಿಸಿಕೊಂಡ ಒಕಿನಾವಾದಲ್ಲಿ ಅದು 'ಹೋಗೆನ್ ಫುದಾ' ಅನ್ನುವ, ಕೊರಳಿಗೆ ಕಟ್ಟುವ ಹಲಗೆ. ನೆಲ ಬೇರೆ, ಭಾಷೆ ಬೇರೆ, ಉಪಾಯ ಮಾತ್ರ ಒಂದೇ. ಇದು ತಾನಾಗಿಯೇ ಆಗಿದ್ದಾ?

ಕೆನಡಾದಲ್ಲಂತೂ ಸುಮಾರು 1.5 ಲಕ್ಷ ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಿಗೆ ಸೇರಿಸಿದರು. ಅಪ್ಪ ಅಮ್ಮನಿಂದ ದೂರ, ತಮ್ಮ ಭಾಷೆ ಆಡಿದರೆ ಶಿಕ್ಷೆ. ಆ ಶಾಲೆಗಳು 1990ರ ದಶಕದವರೆಗೂ ನಡೆದವು. 2008ರಲ್ಲಿ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲೇ ಕ್ಷಮೆ ಕೇಳಿದರು. ತಾನಾಗಿಯೇ ಆದದ್ದಕ್ಕೆ ಯಾರಾದರೂ ಕ್ಷಮೆ ಕೇಳುತ್ತಾರಾ?

ಅದೇ 2008ರ ಜನವರಿಯಲ್ಲಿ ಅಲಾಸ್ಕಾದ ಮೇರಿ ಸ್ಮಿತ್ ಜೋನ್ಸ್ ತೀರಿಕೊಂಡರು. ಏಯಾಕ್ ಭಾಷೆಯನ್ನು ಹುಟ್ಟಿನಿಂದ ಆಡುತ್ತಿದ್ದ ಕೊನೆಯ ವ್ಯಕ್ತಿ ಅವರು. ಅವರಿಗೆ ಒಂಬತ್ತು ಮಕ್ಕಳು. ಒಬ್ಬರಿಗೂ ಏಯಾಕ್ ಬರಲಿಲ್ಲ. ಆ ಮಕ್ಕಳು ಬೆಳೆಯುವಾಗ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದೇ ತಪ್ಪು ಅನ್ನೋ ಕಾಲವಿತ್ತು. ಒಂಬತ್ತು ಮಕ್ಕಳ ತಾಯಿಗೆ ತನ್ನ ಭಾಷೆಯಲ್ಲಿ ಮಾತಾಡೋಕೆ ಮನೆಯಲ್ಲಿ ಯಾರೂ ಇಲ್ಲ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

ದೊಡ್ಡ ಭಾಷೆ ಕಲಿತರೆ ಕೆಲಸ ಸಿಗುತ್ತೆ, ವೇಲ್ಸ್‌ನಲ್ಲಿ ಎಷ್ಟೋ ಹೆತ್ತವರೇ ಇದಕ್ಕೆ ಒಪ್ಪಿದ್ದರು ಅಂತ ಕೆಲವರು ಹೇಳುತ್ತಾರೆ. ಒಪ್ಪಿದ್ದರು, ನಿಜ. ನಿನ್ನ ಮಾತಿನಿಂದ ಅನ್ನ ಹುಟ್ಟಲ್ಲ ಅಂತ ದಿನವೂ ಹೇಳಿಸಿಕೊಂಡ ಬಡವ ಇನ್ನೇನು ಮಾಡಿಯಾನು? ಅಷ್ಟಕ್ಕೂ ಇನ್ನೊಂದು ಭಾಷೆ ಕಲಿಸೋಕೆ ಮೊದಲಿನದನ್ನು ಕಿತ್ತು ಹಾಕಬೇಕಾಗಿಲ್ಲ. ಮಕ್ಕಳ ನಾಲಿಗೆಗೆ ಎರಡಲ್ಲ, ಮೂರು ಭಾಷೆಯೂ ಭಾರವಲ್ಲ.

ನ್ಯೂಜಿಲೆಂಡ್‌ನ ಮಾವೊರಿಗಳು 1982ರಲ್ಲಿ 'ಕೊಹಂಗಾ ರೆಯೋ' ಶುರುಮಾಡಿದರು. ಭಾಷೆಯ ಗೂಡು ಅಂತ ಅದರ ಅರ್ಥ. ಅಜ್ಜ ಅಜ್ಜಿಯರು ಪುಟ್ಟ ಮಕ್ಕಳ ಜೊತೆ ಕೂತು ಮಾವೊರಿಯಲ್ಲೇ ಮಾತಾಡಿದರು. 1987ರಲ್ಲಿ ಅದು ಅಧಿಕೃತ ಭಾಷೆಯೂ ಆಯಿತು. 1896ರ ಕಾನೂನು ಶಾಲೆಯಿಂದ ಹೊರಗೆ ಹಾಕಿದ್ದ ಹವಾಯಿ ಭಾಷೆಯಲ್ಲಿ 1984ರಲ್ಲಿ ಶಿಶುವಿಹಾರ ತೆರೆಯಿತು. ಅದನ್ನು ಓದಿದ ದಿನ ನಾನು ಸುಮ್ನೆ ಕೂತು ಅತ್ತಿದ್ದೆ.

ಯಾಕೆ ಇಷ್ಟು ಕೋಪ ಅಂತ ಕೇಳಬಹುದು. ನನ್ನ ಜೊತೆ ಓದಿದವರಿಗೆ ಗೊತ್ತು, ನಾನು ಕ್ಲಾಸ್ ಮಾನಿಟರ್ ಆಗಿದ್ದೆ. ಮನೆ ಮಾತು ಆಡಿದವರ ಹೆಸರು ಬರೆದು ಕೊಡೋದು ನನ್ನ ಕೆಲಸ. ಮರದ ತುಂಡಿನ ಬದಲು ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತು, ಅಷ್ಟೇ ವ್ಯತ್ಯಾಸ. ಜಾಸ್ತಿ ಸಲ ಬರೆದದ್ದು ಪಕ್ಕದ ಬೆಂಚಿನ ಹುಡುಗಿಯ ಹೆಸರು. ಅವಳು ಬಾಯಿ ತುಂಬ ಕಥೆ ಹೇಳುತ್ತಿದ್ದಳು. ವರ್ಷ ಮುಗಿಯುವ ಹೊತ್ತಿಗೆ ಕ್ಲಾಸಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಳು. ಟೀಚರ್ ಅದನ್ನು ಶಿಸ್ತು ಅಂದರು, ನನ್ನ ಬೆನ್ನು ತಟ್ಟಿದರು.

ಅವಳೂ ಇಲ್ಲೇ, ಫೇಸ್‌ಬುಕ್‌ನಲ್ಲಿ ಎಲ್ಲೋ ಇರಬಹುದು. ಇದು ನಿನ್ನ ಕಣ್ಣಿಗೆ ಬಿದ್ದರೆ, ಆ ನೋಟ್‌ಬುಕ್ಕಿಗಾಗಿ ನನ್ನನ್ನು ಕ್ಷಮಿಸು. ಅವತ್ತು ಅರ್ಧಕ್ಕೆ ನಿಂತ ಕಥೆ ಮುಂದೆ ಏನಾಯಿತು ಅಂತ ನನಗೆ ಇನ್ನೂ ಕೇಳಬೇಕಾಗಿದೆ.