ಅಳ್ಳು ಹುರಿದ ಮನೆಗೆ ಗ್ರನೋಲಾ ಏನು ಮಹಾ?

"ಪಂಚಮಿ ಮುಗದು ಎಷ್ಟು ದಿನಾತು, ಈಗ್ಯಾಕ ಅಳ್ಳು ಹುರಿಯಾಕತ್ತೀಯೋ ತಮ್ಮಾ?" ಅಂತ ಅವ್ವ ಕೇಳಿದಾಗ ನನ್ನ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ. ಅಳ್ಳು ಅಂದರೆ ಜೋಳದ ಅರಳು. ಗ್ರನೋಲಾ ಮಾಡ್ತಿದೀನಿ ಅಂದರೆ "ಹಂಗಂದ್ರ?" ಅನ್ನುತ್ತಾಳೆ. ಕಾಳು ಹುರಿದು ಬೆಲ್ಲದ ಪಾಕ ಹಚ್ಚೋದು ಅಂತ ಬಿಡಿಸಿ ಹೇಳಬೇಕಾಗುತ್ತದೆ. ಪ್ರತಿ ಪಂಚಮಿಗೆ ಐದು ನಮೂನೆ ಉಂಡಿ ಕಟ್ಟುವ ಹೆಂಗಸಿಗೆ ಅದನ್ನು ನಾನು ಹೇಳಿಕೊಡುವುದೇ? ಸುಮ್ಮನಾದೆ.

ಕಥೆ ಶುರುವಾದದ್ದು ನನ್ನ ರಕ್ತದ ರಿಪೋರ್ಟಿನಿಂದ. ಸಕ್ಕರೆ ಇನ್ನೂ ಗೆರೆ ದಾಟಿರಲಿಲ್ಲ, ಗೆರೆಯ ಮೇಲೆ ನಿಂತಿತ್ತು. "ಮುಂಜಾನೆ ನಾಷ್ಟಾ ಸ್ವಲ್ಪ ನೋಡಿ ಮಾಡ್ರಿ" ಅಂದರು ಡಾಕ್ಟರು. ನಾನು ಧಾರವಾಡದವ, ಕೆಲಸ ಹುಬ್ಬಳ್ಳಿಯಲ್ಲಿ. ಮುಂಜಾನೆ ಎಂಟೂವರೆಗೆ ಚಿಗರಿ ಬಸ್ ಹತ್ತುವವನ ನಾಷ್ಟಾ ಅಂದರೆ ಹೆಂಗಿರುತ್ತೆ ನಿಮಗೆ ಗೊತ್ತಲ್ಲ. ಒಂದಿನ ಗಾಡಿಯ ಉಪ್ಪಿಟ್ಟು ಶಿರಾ, ಒಂದಿನ ಪೂರಿ, ಮನಸ್ಸು ಬಂದರೆ ಮ್ಯಾಲೊಂದು ಮಿರ್ಚಿ. ಹಂಗಾಗಿ ಹೆಂಡತಿ ಒಂದು ಗ್ರನೋಲಾ ಪ್ಯಾಕೆಟ್ ತಂದಳು. "ರೀ, ಹಾಲು ಹಾಕ್ಕೊಂಡು ತಿಂದ್ರ ಆತು, ಐದು ನಿಮಿಷದ ಕೆಲಸ."

ರುಚಿ ಇತ್ತು, ಸುಳ್ಳು ಯಾಕೆ ಹೇಳಲಿ. ಕುರುಂ ಕುರುಂ ಅಂತ ಬಾಯಿ ತುಂಬ ಸಪ್ಪಳ. ನಾಲ್ಕನೇ ದಿನ ಸುಮ್ನೆ ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದೆ. 100 ಗ್ರಾಂಗೆ ಸಕ್ಕರೆ 24 ಗ್ರಾಂ! ಆದರೆ ಅದರ ಪಕ್ಕದಲ್ಲೇ 'ಒಂದು ಸಲಕ್ಕೆ 30 ಗ್ರಾಂ' ಅಂತ ಒಂದು ಲೆಕ್ಕ. 30 ಗ್ರಾಂ ಅಂದರೆ ಎಷ್ಟಿರಬಹುದು ಅಂತ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ ಬಟ್ಟಲಿಗೆ ಹಾಕಿದೆ. ತಳ ಸುದ್ಧಾ ಸರಿಯಾಗಿ ಮುಚ್ಚಲಿಲ್ಲ. ಆಮೇಲೆ ದಿನಾ ತಿನ್ನುವಷ್ಟು ಹಾಕಿ ತೂಗಿದೆ. 70 ಗ್ರಾಂ. ಅಂದರೆ ಹತ್ತಿರ ಹತ್ತಿರ 17 ಗ್ರಾಂ ಸಕ್ಕರೆ, ನಾಲ್ಕು ಚಮಚ. ಚಹಾಕ್ಕೆ ಸಕ್ಕರೆ ಬಿಟ್ಟು ದೊಡ್ಡ ತ್ಯಾಗ ಮಾಡಿದೆ ಅಂತ ಓಡಾಡುತ್ತಿದ್ದವನು ನಾನು.

ಇನ್ನೊಂದು ವಿಷಯ. ನಮ್ಮ ದೇಶದಲ್ಲಿ ಪ್ಯಾಕೆಟ್ ಮೇಲೆ ಪದಾರ್ಥಗಳ ಹೆಸರನ್ನು ತೂಕದ ಲೆಕ್ಕದಲ್ಲೇ ಬರೆಯಬೇಕು. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ನನ್ನ ಪ್ಯಾಕೆಟ್ಟಿನಲ್ಲಿ ಮೊದಲು ಓಟ್ಸ್ ಇತ್ತು. ಆಮೇಲೆ ಸಕ್ಕರೆ. ಸ್ವಲ್ಪ ಕೆಳಗೆ ಗ್ಲೂಕೋಸ್ ಸಿರಪ್, ಅದರ ಕೆಳಗೆ ಮಾಲ್ಟ್, ಅದಕ್ಕೂ ಕೆಳಗೆ ಜೇನುತುಪ್ಪ. ಸಿಹಿ ಒಂದೇ, ಹೆಸರು ನಾಲ್ಕು. ಮುಂದಿನ ಮೈಮೇಲೆ ದೊಡ್ಡದಾಗಿ ಚಿತ್ರ ಇದ್ದದ್ದು ಮಾತ್ರ ಆ ಕೊನೆಯ ಜೇನಿನದು. ತಮಾಷೆ ಅಲ್ವಾ?

ಸರಿ, ಮನೆಯಲ್ಲೇ ಮಾಡೋಣ ಅಂತ ಹೊರಟೆ. ಮಾಡುವ ಮೊದಲು ಓದಿಕೊಳ್ಳುವ ಚಟ ಇದೆ ನನಗೆ. ಇದರ ಮೂಲ 1863ರದ್ದು. ಅಮೆರಿಕದ ಡ್ಯಾನ್ಸ್‌ವಿಲ್ ಎಂಬ ಊರಲ್ಲಿ ಜೇಮ್ಸ್ ಕೇಲೆಬ್ ಜ್ಯಾಕ್ಸನ್ ಎಂಬ ಡಾಕ್ಟರು ಗೋಧಿ ಹಿಟ್ಟನ್ನು ಸುಟ್ಟು, ಪುಡಿ ಮಾಡಿ, ಮತ್ತೆ ಸುಟ್ಟು ಕಲ್ಲಿನಂಥದ್ದೊಂದು ತಿಂಡಿ ಮಾಡಿದರು. ಹೆಸರು ಗ್ರನ್ಯುಲಾ. ಎಷ್ಟು ಗಟ್ಟಿ ಅಂದರೆ ರಾತ್ರಿಯೆಲ್ಲಾ ಹಾಲಿನಲ್ಲಿ ನೆನೆಸದೆ ಹಲ್ಲಿಗೆ ಬಗ್ಗುತ್ತಿರಲಿಲ್ಲ. ಆಮೇಲೆ ಬ್ಯಾಟಲ್ ಕ್ರೀಕಿನ ಜಾನ್ ಹಾರ್ವಿ ಕೆಲಾಗ್ ಅಂಥದ್ದೇ ಒಂದನ್ನು ಮಾಡಿ ಅದೇ ಹೆಸರಿಟ್ಟರು, ತಕರಾರು ಬಂದ ಮೇಲೆ ಒಂದಕ್ಷರ ತಿದ್ದಿ ಗ್ರನೋಲಾ ಅಂದರು. ಅವರ ತಮ್ಮ ವಿಲ್ ಕೀತ್ 1906ರಲ್ಲಿ ಕಾರ್ನ್ ಫ್ಲೇಕ್ಸ್ ಕಂಪನಿ ತೆಗೆದು ಫ್ಲೇಕ್ಸಿಗೆ ಸಕ್ಕರೆ ಸೇರಿಸಿದ್ದು ಅಣ್ಣನಿಗೆ ಸೇರಲಿಲ್ಲ. ಅಣ್ಣತಮ್ಮಂದಿರ ವ್ಯಾಜ್ಯ ಕೋರ್ಟಿಗೂ ಹೋಯಿತು. ನನ್ನ ಪ್ಯಾಕೆಟ್ ನೋಡಿದರೆ ತಮ್ಮನೇ ಗೆದ್ದ ಹಾಗೆ ಕಾಣುತ್ತದೆ.

ಮೊದಲ ಸಲದ ನನ್ನ ಪ್ರಯೋಗ ಹಾಳಾಯಿತು. ಓಟ್ಸು, ಶೇಂಗಾ, ಎಳ್ಳು, ಒಣದ್ರಾಕ್ಷಿ ಎಲ್ಲಾ ಒಟ್ಟಿಗೆ ಸುರಿದು, ಬೆಲ್ಲ ಕರಗಿಸಿ ಕಲಸಿ, 180 ಡಿಗ್ರಿಯಲ್ಲಿ ಓವನ್ನಿಗೆ ಇಟ್ಟೆ. ಮೇಲಿನ ಎಳ್ಳು ಕರ್ರಗಾಯಿತು. ದ್ರಾಕ್ಷಿ ಊದಿಕೊಂಡು ಆಮೇಲೆ ಕಲ್ಲಾಯಿತು. ಕೆಳಗಿನ ಓಟ್ಸು ಮಾತ್ರ ಮೆತ್ತಗೆ, ಚೂಯಿಂಗ್ ಗಮ್ ಥರ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ್ದೆ ಬೇರೆ. ಮರುದಿನ ತೆಗೆದರೆ ಮುಚ್ಚಳದ ಒಳಗೆ ನೀರಿನ ಹನಿ. ಆಗ ಶ್ರಾವಣ, ಧಾರವಾಡದ ಜಿಟಿಜಿಟಿ ಮಳೆ. ಹಗ್ಗದ ಮೇಲಿನ ಬಟ್ಟೆ ಮೂರು ದಿನಕ್ಕೂ ಒಣಗದ ಕಾಲ. ಹಪ್ಪಳವೇ ಮೆತ್ತಗಾಗುವಾಗ ನನ್ನ ಗ್ರನೋಲಾ ಯಾವ ಲೆಕ್ಕ.

ಅವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. "ಪಾಕ ಬಂದಿಲ್ಲ" ಅಂದಳು. ಅಷ್ಟೇ.

ನಾನು ನೋಡಿದ ಒಂದು ಡಜನ್ ವಿಡಿಯೋದಲ್ಲಿ ಯಾರೂ ಈ ಮಾತು ಹೇಳಿರಲಿಲ್ಲ. ಗರಿಗರಿ ಅನ್ನೋದು ನೀರಿನ ಲೆಕ್ಕ. ಕಾಳಿನಲ್ಲಿನ ನೀರು ಹೋಗಬೇಕು, ಬೆಲ್ಲದಲ್ಲಿನ ನೀರೂ ಹೋಗಬೇಕು. ಬೆಲ್ಲ ಸುಮ್ನೆ ಕರಗಿದರೆ ಸಾಲದು. ಶೇಂಗಾ ಉಂಡಿಗೆ, ಚಿಕ್ಕಿಗೆ ಪಾಕ ನೋಡುವುದು ಹೇಗೆ? ತಣ್ಣೀರಿನ ತಾಟಿಗೆ ಒಂದು ಹನಿ ಬಿಡಬೇಕು. ಹನಿ ಮೆತ್ತಗೆ ಹರಡಿದರೆ ಇನ್ನೂ ಎಳೆ ಪಾಕ. ಬೆರಳಲ್ಲಿ ಗುಂಡಗೆ ಉರುಳಿ, ತಾಟಿಗೆ ಬಡಿದರೆ ಟಣ್ ಅಂದರೆ ಗಟ್ಟಿ ಪಾಕ. ಆ ಟಣ್ ಅನ್ನುವ ಪಾಕವೇ ಆರಿದ ಮೇಲೆ ಗಾಜಿನ ಹಾಗೆ ಕಟಕಟ ಮುರಿಯುವುದು. ಎಳೆ ಪಾಕ ಗಾಳಿಯಲ್ಲಿನ ತೇವ ಎಳೆದುಕೊಂಡು ಅಂಟಂಟಾಗುತ್ತದೆ. ಓವನ್ ಇದ್ದವರಿಗೆ ಆ ಕೆಲಸ ಸಣ್ಣ ಕಾವು ಮಾಡಿಕೊಡುತ್ತದೆ. ಓವನ್ ಇಲ್ಲದವರು ಮೊದಲು ಒಣ ಸಾಮಾನೆಲ್ಲ ದಪ್ಪ ತಳದ ಕಡಾಯಿಯಲ್ಲಿ ಬೇರೆ ಬೇರೆ ಹುರಿದಿಟ್ಟುಕೊಂಡು, ಪಾಕ ಟಣ್ ಅಂದ ಮೇಲೆ ಕಲಸಿ, ತಾಟಿನ ಮೇಲೆ ತೆಳ್ಳಗೆ ಹರವಿದರೆ ಆಯಿತು. ನನಗೆ ಎರಡನೆಯದೇ ಜಾಸ್ತಿ ಇಷ್ಟ.

ಅಳ್ಳು ಹಾಕುವ ಯೋಚನೆ ಬಂದದ್ದೂ ಆವಾಗಲೇ. ಓಟ್ಸ್ ಮೇಲೆ ನನಗೇನೂ ಸಿಟ್ಟಿಲ್ಲ. ಅದರಲ್ಲಿರುವ ಬೀಟಾ ಗ್ಲುಕಾನ್ ಎಂಬ ನಾರು ಕೊಲೆಸ್ಟ್ರಾಲ್ ಇಳಿಸಲು ನೆರವಾಗುತ್ತದೆ, ಅದು ಪಕ್ಕಾ. ಆದರೆ ಜೋಳದ ನಾಡಿನಲ್ಲಿ ಕೂತು ಜೋಳ ಇಲ್ಲದ ನಾಷ್ಟಾ ಯಾಕೆ ಅಂತ. ಮೊದಲು ರೊಟ್ಟಿಗೆ ತಂದಿದ್ದ ಬಿಳಿಜೋಳವನ್ನೇ ಹುರಿದೆ. ಅರ್ಧಕ್ಕರ್ಧ ಅರಳಲಿಲ್ಲ. "ಅದಕ್ಕ ಅಳ್ಳಿನ ಜ್ವಾಳನ ಬೇಕೋ" ಅಂತ ಅವ್ವ ಬೈದಳು. ಧಾರವಾಡದ ಸೂಪರ್ ಮಾರ್ಕೆಟ್ ಪೇಟೆಯ ಕಾಳಿನ ಅಂಗಡಿಯಲ್ಲಿ ಹುಡುಕಿ ತಂದೆ. ಸಣ್ಣ ಕಾಳು, ಗಟ್ಟಿ.

ಅದನ್ನು ಅವಳು ಹದ ಮಾಡಿದ ರೀತಿ ನೋಡಬೇಕಿತ್ತು ನೀವು. ಕುದಿಯುವ ನೀರಿಗೆ ಜೋಳ ಹಾಕಿ ಐದು ನಿಮಿಷ ಬಿಟ್ಟು ಬಸಿದಳು. ಬಟ್ಟೆಯಲ್ಲಿ ಕಟ್ಟಿ ರಾತ್ರಿ ಇಟ್ಟಳು. ಮುಂಜಾನೆ ನೆರಳಲ್ಲಿ ಹರವಿ, ಸ್ವಲ್ಪ ಹೊತ್ತಿಗೊಮ್ಮೆ ಒಂದು ಕಾಳು ತೆಗೆದು ಮುಂದಿನ ಹಲ್ಲಲ್ಲಿ ಕಚ್ಚಿ ನೋಡುತ್ತಿದ್ದಳು. ಅವಳಿಗೆ ಉಳಿದಿರುವುದೇ ನಾಲ್ಕು ಮುಂದಿನ ಹಲ್ಲು. ಮೇಲಿನ ಸಿಪ್ಪೆ ಒಣಗಿರಬೇಕು, ಒಳಗೆ ತೇವ ಇರಬೇಕು. ಆ ತೇವವೇ ಕಾವಿಗೆ ಉಗಿಯಾಗಿ ಒಳಗಿನಿಂದ ಒತ್ತಿ ಸಿಪ್ಪೆ ಒಡೆಯುವುದು. ತೀರಾ ಒಣಗಿದರೆ ಕಾಳು ಬರೀ ಹುರಿಯುತ್ತದೆ, ಅರಳುವುದಿಲ್ಲ. ಕಡಾಯಿ ಚೆನ್ನಾಗಿ ಕಾದ ಮೇಲೆ ಒಂದೇ ಒಂದು ಮುಷ್ಟಿ ಹಾಕಿ, ಹಳೇ ಬಟ್ಟೆಯ ಗಂಟಿನಿಂದ ಗರಗರ ತಿರುವಿದಳು. ಎರಡು ಕ್ಷಣ ಸುಮ್ಮನಿದ್ದ ಕಾಳು ಚಟ್, ಚಟಚಟ ಅಂತ ಹಾರತೊಡಗಿತು. ಒಂದು ನನ್ನ ಕನ್ನಡಕಕ್ಕೆ ಬಡಿಯಿತು. ಮಲ್ಲಿಗೆ ಮೊಗ್ಗಿನಷ್ಟು ಸಣ್ಣ ಅಳ್ಳು, ಹುರಿದ ರೊಟ್ಟಿಯ ವಾಸನೆ. ಆಮೇಲೆ ಜರಡಿ ಹಿಡಿದು ಅರಳದ ಕಾಳು ಬೇರೆ ಮಾಡಿದಳು. ಆ ಕೆಲಸ ಬಿಟ್ಟರೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವ ಕೆಲಸ ಬರುತ್ತದೆ.

ಈಗ ನನ್ನ ಅಳತೆ ಹೇಳಿಬಿಡುತ್ತೇನೆ, ಕೇಳುವವರು ಕೇಳಿಯೇ ಕೇಳುತ್ತೀರಿ. ಓಟ್ಸ್ 200 ಗ್ರಾಂ, ದಪ್ಪನೆಯದು, ಇನ್‌ಸ್ಟಂಟ್ ಬೇಡ, ಅದು ಪುಡಿಪುಡಿ ಆಗುತ್ತದೆ. ಜೋಳದ ಅಳ್ಳು 100 ಗ್ರಾಂ, ನೋಡಲು ದೊಡ್ಡ ರಾಶಿ ಆಗುತ್ತದೆ, ಹೆದರಬೇಡಿ. ಹುರಿದು ಸಿಪ್ಪೆ ತೆಗೆದು ಒಡೆದ ಶೇಂಗಾ 80, ಕುಂಬಳ ಬೀಜ ಮತ್ತು ಬಿಳಿ ಎಳ್ಳು ಸೇರಿ 50. ಬೆಲ್ಲ 60 ಗ್ರಾಂ, ಶೇಂಗಾ ಎಣ್ಣೆ ಮೂರು ದೊಡ್ಡ ಚಮಚ, ಉಪ್ಪು ಚಿಟಿಕೆ, ಏಲಕ್ಕಿ. ಉಪ್ಪು ಮರೆಯಬೇಡಿ, ಉಪ್ಪಿದ್ದರೆ ಬೆಲ್ಲ ಕಡಿಮೆ ಸಾಕಾಗುತ್ತದೆ. ಎಣ್ಣೆಯನ್ನು ಜಿಪುಣತನದಿಂದ ಬಿಟ್ಟರೆ ಹಾಲು ಬಿದ್ದ ಕೂಡಲೇ ಎಲ್ಲಾ ಮೆತ್ತಗಾಗುತ್ತದೆ, ಎಣ್ಣೆಯ ತೆಳು ಪದರ ಹಾಲನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಓವನ್ನಿನಲ್ಲಾದರೆ 150 ಡಿಗ್ರಿ, ಸುಮಾರು ಅರ್ಧ ತಾಸು, ನಡುವೆ ಒಂದೇ ಸಲ ತಿರುವಬೇಕು. ಅಳ್ಳು ಮೊದಲೇ ಗರಿಗರಿ ಇರುವುದರಿಂದ ಕೊನೆಯ ಹತ್ತು ನಿಮಿಷಕ್ಕೆ ಹಾಕಿ. ಒಣದ್ರಾಕ್ಷಿ ಹಾಕುವವರು ಪೂರ್ತಿ ಆರಿದ ಮೇಲೆ ಹಾಕಿ. ಹೊರಗೆ ತೆಗೆದ ಮೇಲೆ ಕೈ ಹಚ್ಚಬೇಡಿ. ಬಿಸಿಯಲ್ಲಿ ಮೆತ್ತಗೇ ಇರುತ್ತದೆ, ಆರಿದಂತೆ ಗಟ್ಟಿಯಾಗುತ್ತದೆ. ಆಗ ಮುರಿದುಕೊಂಡರೆ ದೊಡ್ಡ ಹೆಂಟೆ ಸಿಗುತ್ತವೆ.

ಅಗಸಿ ಇದರಲ್ಲಿ ಹಾಕಿಲ್ಲ, ಗಮನಿಸಿ. ಇಡೀ ಅಗಸಿ ಬಹಳ ಮಟ್ಟಿಗೆ ಹೊಟ್ಟೆಗೆ ಬಂದ ಹಾಗೇ ಹೊರಗೆ ಹೋಗುತ್ತದೆ. ಅದರ ಸತ್ವ ಬೇಕಾದರೆ ಹುರಿದು ಪುಡಿ ಮಾಡಬೇಕು. ಪುಡಿ ಮಾಡಿದ್ದು ಬೇಗ ಕಮಟು ಹಿಡಿಯುತ್ತದೆ. ಅದಕ್ಕೇ ಒಂದು ವಾರಕ್ಕಾಗುವಷ್ಟೇ ಪುಡಿ ಮಾಡಿ ಬೇರೆ ಡಬ್ಬಿಯಲ್ಲಿಟ್ಟು, ತಿನ್ನುವಾಗ ಒಂದು ಚಮಚ ಉದುರಿಸಿಕೊಳ್ಳುತ್ತೇನೆ.

ಇನ್ನು ಬೆಲ್ಲದ ವಿಷಯ. ಇಲ್ಲಿ ಒಂದಿಷ್ಟು ಜನ ನನ್ನ ಮೇಲೆ ಬೇಸರ ಮಾಡಿಕೊಳ್ಳುತ್ತೀರಿ. "ನಾವು ಸಕ್ಕರೆ ಹಾಕಂಗಿಲ್ರೀ, ಬರೀ ಬೆಲ್ಲ" ಅನ್ನುವುದು ಈಗ ದೊಡ್ಡ ಫ್ಯಾಶನ್. ಬೆಲ್ಲದಲ್ಲಿ ಒಂಚೂರು ಖನಿಜ ಇರಬಹುದು, ರುಚಿ ಇದೆ, ಬಣ್ಣ ಇದೆ. ಆದರೆ ಅದರ ಬಹುಪಾಲು ಸಕ್ಕರೆಯೇ, ಒಂದೇ ಕಬ್ಬಿನ ಮಕ್ಕಳು. ಜೇನೂ ಹಾಗೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಇಂಥ ಮೇಲಿನ ಸಿಹಿ ದಿನದ ಒಟ್ಟು ಶಕ್ತಿಯ 10 ಶೇಕಡಾಕ್ಕಿಂತ ಕಡಿಮೆ ಇರಬೇಕು, 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. 5 ಅಂದರೆ ಸುಮಾರು 25 ಗ್ರಾಂ, ಆರು ಚಮಚ. ಅದರಲ್ಲಿ ಜೇನಿಗೂ ರಿಯಾಯಿತಿ ಇಲ್ಲ. ಮನೆಯದು ಅಂತ ಮೂರು ಹಿಡಿ ಬೆಲ್ಲ ಸುರಿದು, ಮೇಲೆ ಖರ್ಜೂರ, ಮೇಲೆ ಜೇನು ಹಾಕಿ 'ಹೆಲ್ದಿ' ಅಂತ ಫೋಟೋ ಹಾಕಿದರೆ ನಿಮ್ಮ ಬಟ್ಟಲಿಗೂ ಅಂಗಡಿಯ ಪ್ಯಾಕೆಟ್ಟಿಗೂ ಏನು ಫರಕು? ನನ್ನ ಅಳತೆಯಲ್ಲಿ 40 ಗ್ರಾಂ ತಿಂದರೆ ನಾಲ್ಕೂವರೆ ಗ್ರಾಂ ಹತ್ತಿರ ಬೆಲ್ಲ ಹೋಗುತ್ತದೆ. ಮನೆಯಲ್ಲಿ ಮಾಡುವುದರ ದೊಡ್ಡ ಲಾಭ ಇದೇ ನೋಡಿ, ಅಳತೆಯ ಚಮಚ ನಮ್ಮ ಕೈಯಲ್ಲಿರುತ್ತದೆ.

ಅಗ್ಗ ಆಗುತ್ತಾ ಅಂತ ಕೇಳಿದರೆ, ಬಾದಾಮಿ, ಪಿಸ್ತಾ, ಆ ಕೆಂಪು ಒಣಹಣ್ಣು ಎಲ್ಲಾ ಹಾಕಿದರೆ ಖಂಡಿತಾ ಆಗಲ್ಲ. ಶೇಂಗಾ, ಎಳ್ಳು, ಪುಟಾಣಿಯಲ್ಲಿ (ಹುರಿಗಡಲೆ) ಮುಗಿಸಿದರೆ ಆಗುತ್ತದೆ. ಕಾರ್ನ್ ಫ್ಲೇಕ್ಸ್ ಮನೆಯಲ್ಲಿ ಮಾಡಲು ಹೋಗಬೇಡಿ. ಅದಕ್ಕೆ ಮೆಕ್ಕೆಜೋಳದ ನುಚ್ಚು ಬೇಯಿಸಿ, ಒಣಗಿಸಿ, ಭಾರೀ ಉರುಳೆಗಳ ನಡುವೆ ಒತ್ತುವ ಯಂತ್ರ ಬೇಕು. ಲಟ್ಟಣಿಗೆಯಲ್ಲಿ ಆಗುವ ಕೆಲಸ ಅಲ್ಲ. ನಾನು ಒಂದು ಸಂಜೆ ವ್ಯರ್ಥ ಮಾಡಿಕೊಂಡಿದ್ದೇನೆ.

ಹೆಂಡತಿಗೆ ಸಿಹಿ ನಾಷ್ಟಾ ಹಿಡಿಸುವುದಿಲ್ಲ. ಅವಳಿಗಾಗಿ ಬೆಲ್ಲ ಪೂರ್ತಿ ಬಿಟ್ಟು, ಎಣ್ಣೆಗೆ ಸಾಸಿವೆ, ಕರಿಬೇವು, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿಯ ಖಾರಪುಡಿ, ಅರಿಶಿಣ ಹಾಕಿ ಅದೇ ಓಟ್ಸು, ಅಳ್ಳು, ಶೇಂಗಾ, ಪುಟಾಣಿ ಸಣ್ಣ ಉರಿಯಲ್ಲಿ ಹುರಿದೆ. ಗಟ್ಟಿ ಮೊಸರಿನ ಮೇಲೆ ಹಾಕಿಕೊಂಡು ತಿಂದು "ಇದು ಚೂಡಾ ಅಲ್ಲೇನ್ರೀ?" ಅಂದಳು. ಹೌದು, ಚೂಡಾನೇ. ಫೋಟೋ ಹಾಕುವಾಗ 'ಸೇವರಿ ಗ್ರನೋಲಾ' ಅಂತ ಹಾಕಿದ್ದೆ. ಲೈಕ್ ಜಾಸ್ತಿ ಬಂದವು.

ನನ್ನ ಮುಂದಿನ ರಿಪೋರ್ಟ್ ಇನ್ನೂ ಬಂದಿಲ್ಲ, ಬಂದರೂ ಅದಕ್ಕೆ ಗ್ರನೋಲಾ ಒಂದೇ ಕಾರಣ ಅಂತ ಹೇಳುವವನಲ್ಲ ನಾನು. ಮಿರ್ಚಿ ಬಿಟ್ಟದ್ದೂ ಇದೆ, ಸಂಜೆ ನಡೆಯುವುದೂ ಇದೆ. ಸದ್ಯಕ್ಕೆ ನಡೆದಿರುವುದು ಇಷ್ಟು. ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ 40 ಗ್ರಾಂ ತೂಗಿ ತುಂಬಿಕೊಂಡು ಬಸ್ ಹತ್ತುತ್ತೇನೆ. ಹಾಲಿಲ್ಲದೆ ಹಾಗೇ ಮುಕ್ಕುತ್ತೇನೆ. ಮೊನ್ನೆ ಪಕ್ಕದ ಸೀಟಿನ ಹಿರಿಯರು ಸಪ್ಪಳ ಕೇಳಿ ತಿರುಗಿ ನೋಡಿದರು. ಡಬ್ಬಿ ಮುಂದೆ ಹಿಡಿದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಅಳ್ಳು ಚೊಲೊ ಆಗ್ಯಾವು. ಯಾರ ಹುರದ್ರು?" ಅಂದರು.

"ನಮ್ಮವ್ವರಿ" ಅಂದೆ.