ಸ್ವಂತ ಡಿಎನ್‌ಎ ಯಾಕೆ ತುಂಡಾಗುವುದಿಲ್ಲ?

ಬ್ಯಾಕ್ಟೀರಿಯಾ ತನ್ನೊಳಗೆ ಬಂದ ವೈರಸ್‌ನ ಡಿಎನ್‌ಎಯನ್ನು ಕಿಣ್ವಗಳಿಂದ ಕತ್ತರಿಸುವ ಬಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಅದರ ಸ್ವಂತ ಡಿಎನ್‌ಎ ಯಾಕೆ ತುಂಡಾಗುವುದಿಲ್ಲ? ಇಲ್ಲಿ ಕಾಸರಗೋಡಿನಲ್ಲಿ ನನ್ನ ಪ್ಲಸ್ ಟು ಮಕ್ಕಳು ಮೊದಲು ಕೇಳುವುದೇ ಇದನ್ನು.

ಇಂಥ ಕತ್ತರಿ ಕಿಣ್ವಗಳಲ್ಲೊಂದಾದ ಇಕೋ ಆರ್ ಒನ್ ಕತ್ತರಿಸುವುದು ಡಿಎನ್‌ಎಯಲ್ಲಿ ಜಿಎಎಟಿಟಿಸಿ ಎಂಬ ಆರು ಅಕ್ಷರ ಕಂಡಲ್ಲಿ. ಅದರ ಜೋಡಿ ಕಿಣ್ವ ಮಿಥೈಲ್‌ಟ್ರಾನ್ಸ್‌ಫರೇಸ್, ಅದೇ ಜಾಗದ ಎರಡನೇ 'ಎ'ಗೆ ಮಿಥೈಲ್ ಗುಂಪು ಎಂಬ ಚಿಕ್ಕ ರಾಸಾಯನಿಕ ಗುರುತೊಂದನ್ನು ಅಂಟಿಸಿಬಿಡುತ್ತದೆ. ಆಮೇಲೆ ಅಲ್ಲಿ ಕತ್ತರಿ ಹಾಕಲು ಆಗುವುದಿಲ್ಲ. ಡಿಎನ್‌ಎ ನಕಲಾದಾಗ ಹೊಸ ಎಳೆಗೆ ಗುರುತು ಇರುವುದಿಲ್ಲ, ನಿಜ. ಹಳೇ ಎಳೆಯ ಗುರುತೇ ಅಷ್ಟು ಹೊತ್ತು ಕಾಯುತ್ತದೆ. (ನನಗೆ ಜಾಸ್ತಿ ಇಷ್ಟವಾಗುವ ಭಾಗ ಇದು.) ಕೆಲವೊಮ್ಮೆ ವೈರಸ್‌ಗೂ ಗುರುತು ಬಿದ್ದು ಅದು ಪಾರಾಗುವುದುಂಟು.

ಇನ್ನೊಂದು, ಈ ಕತ್ತರಿ ಕಿಣ್ವಗಳ ಕೆಲಸಕ್ಕೆ 1978ರ ನೊಬೆಲ್, ನೀವು ಹೆಸರಿಸಿದ ಸ್ಮಿತ್, ನೇಥನ್ಸ್ ಜೊತೆ ವರ್ನರ್ ಆರ್ಬರ್ ಅವರಿಗೂ ಬಂದಿತ್ತು. ಅವರ ಹೆಸರೂ ಸೇರಿಸಬಹುದಿತ್ತು, ಅಲ್ವಾ?